ಟ್ಯಾಮ್‌ವರ್ತ್ 0, ಸ್ಪರ್ಸ್ 3: ಗೆದ್ದೆವು, ಆದರೆ ಈ ಮ್ಯಾಚ್ ಇನ್ನೊಮ್ಮೆ ನಡೆಯಬೇಕಿತ್ತು

ಲಿಲಿವೈಟ್ ಬಸವನಗುಡಿ · 12 ಜನವರಿ 2025, ರಾತ್ರಿ 9:10

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದಕ್ಕೆ ಖುಷಿ ಇದೆ. ಇಂಗ್ಲೆಂಡಿನ ಹಲವು ಹಂತದ ಕ್ಲಬ್‌ಗಳು ಆಡುವ ಎಫ್‌ಎ ಕಪ್‌ನಲ್ಲಿ ನಮ್ಮ ಸ್ಪರ್ಸ್, ಅಂದರೆ ಲಂಡನ್‌ನ ಟಾಟನ್‌ಹ್ಯಾಮ್, ನಾಲ್ಕನೇ ಸುತ್ತಿಗೆ ಹೋಯಿತು. ಆದರೆ ಸಂಜೆ ಆರಕ್ಕೆ ಟಿವಿ ಮುಂದೆ ಕೂತವನು ಎದ್ದಾಗ ಒಂಬತ್ತು ಹತ್ತಿರ ಬಂದಿತ್ತು. ಕೈ ಇನ್ನೂ ತಣ್ಣಗಿದೆ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎದುರಿಗಿದ್ದದ್ದು ಐದನೇ ಹಂತದ ನ್ಯಾಷನಲ್ ಲೀಗ್‌ನ ಟ್ಯಾಮ್‌ವರ್ತ್. ಪಟ್ಟಿಯಲ್ಲಿ ನಮಗಿಂತ 96 ಸ್ಥಾನ ಕೆಳಗಿರುವ ಟೀಮು. ಪೂರ್ತಿ 90 ನಿಮಿಷ 0-0. ಆಮೇಲಿನ 30 ನಿಮಿಷದ ಎಕ್ಸ್‌ಟ್ರಾ ಟೈಮಿನಲ್ಲಿ, 101ನೇ ನಿಮಿಷಕ್ಕೆ ಚೆಂಡು ಅವರದೇ ಆಟಗಾರ ಟಿಶಿಕುನಾಗೆ ತಾಗಿ ಒಳಗೆ ಹೋಯಿತು. 107ಕ್ಕೆ ಕುಲುಸೆವ್ಸ್ಕಿ, 118ಕ್ಕೆ ಬ್ರೆನನ್ ಜಾನ್ಸನ್. ನಾಳೆ ಪೇಪರ್‌ನಲ್ಲಿ 3-0 ಅಂತ ಓದುವವರು ಸಲೀಸಾಗಿ ಗೆದ್ದರು ಅಂದುಕೊಳ್ಳುತ್ತಾರೆ. ನೋಡಿದ ನಮಗೆ ಗೊತ್ತು ಅಲ್ವಾ.

ನನ್ನನ್ನು ಕಾಡುತ್ತಿರುವುದು ಬೇರೆ ವಿಷಯ. ಹೋದ ಸೀಸನ್‌ವರೆಗೂ ಮೂರನೇ ಸುತ್ತಿನಲ್ಲಿ 90 ನಿಮಿಷಕ್ಕೆ ಸಮವಾದರೆ ಎಕ್ಸ್‌ಟ್ರಾ ಟೈಮ್ ಇರಲಿಲ್ಲ. ರೀಪ್ಲೇ ಇತ್ತು. ಇನ್ನೊಂದು ದಿನ, ಇನ್ನೊಬ್ಬರ ಮೈದಾನದಲ್ಲಿ ಮತ್ತೆ ಆಡಬೇಕಿತ್ತು. ಈ ಸೀಸನ್‌ನಿಂದ ಮೊದಲ ಸುತ್ತಿನಿಂದಲೇ ಅದನ್ನು ತೆಗೆದುಹಾಕಿದ್ದಾರೆ. ರೀಪ್ಲೇ ಇದ್ದಿದ್ದರೆ ಟ್ಯಾಮ್‌ವರ್ತ್ ಹುಡುಗರು 62,850 ಸೀಟಿನ ನಮ್ಮ ಸ್ಟೇಡಿಯಂಗೆ ಬರುತ್ತಿದ್ದರು. ಟಿಕೆಟ್ ಹಣದಲ್ಲಿ ಅವರಿಗೂ ಪಾಲು ಸಿಗುತ್ತಿತ್ತು. ಅಷ್ಟು ಚಿಕ್ಕ ಕ್ಲಬ್‌ಗೆ ಆ ಒಂದು ರಾತ್ರಿಯ ದುಡ್ಡು ಎಷ್ಟು ದಿನದ ಸಂಬಳ ಯೋಚಿಸಿ. 90 ನಿಮಿಷ ನಿಂತು ಅವರು ಅದನ್ನು ಸಂಪಾದಿಸಿದ್ದರು. ನಾವು ಕೊಡಲಿಲ್ಲ.

ಇದು ನನಗೊಬ್ಬನಿಗೇ ಅನ್ನಿಸುತ್ತಿದೆಯಾ? ನೀವೆಲ್ಲ ಹೇಳಿ.

ಹುಬ್ಬಳ್ಳಿ ಹೈಲೈನ್ · ರಾತ್ರಿ 9:22

ಕೊನೆ ಹತ್ತು ನಿಮಿಷ ನಾನು ಕೂತಿರಲೇ ಇಲ್ಲ ರೀ. ನಿಂತೇ ನೋಡಿದೆ. ಟ್ಯಾಮ್‌ವರ್ತ್‌ನ ಟಾಮ್ ಟಾಂಕ್ಸ್ ಥ್ರೋ-ಇನ್‌ಗೆ ಟವೆಲ್ ತಗೊಂಡು ಚೆಂಡು ಒರೆಸೋಕೆ ಶುರು ಮಾಡಿದರೆ ಎದೆ ಢವಢವ. ಅವರ ಥ್ರೋ ಅಂದರೆ ಕಾರ್ನರ್ ಇದ್ದ ಹಾಗೆ. ಗೆರೆಯಿಂದ ಎಸೆದರೆ ಸೀದಾ ಗೋಲಿನ ಬಾಯಿಗೇ ಬೀಳುತ್ತದೆ. ಮೊದಲ ಸುತ್ತಿನಲ್ಲಿ ಹಡರ್ಸ್‌ಫೀಲ್ಡ್ ಟೌನ್ ಸೋತದ್ದೂ ಅವರ ಥ್ರೋದಿಂದಲೇ. ಚೆಂಡು ಹಡರ್ಸ್‌ಫೀಲ್ಡ್ ಗೋಲ್‌ಕೀಪರ್‌ಗೇ ತಾಗಿ ಒಳಗೆ ಹೋಗಿತ್ತು.

ನಮ್ಮ ಗೋಲ್‌ಕೀಪರ್ ಕಿನ್ಸ್ಕಿ ಪ್ರಾಗ್‌ನಿಂದ ಬಂದು ಒಂದು ವಾರ ಆಗಿದೆ ಅಷ್ಟೆ. ಬುಧವಾರ ಲಿವರ್‌ಪೂಲ್ ಎದುರು ಮೊದಲ ಆಟ, ಇವತ್ತು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಈ ಥ್ರೋಗಳು. ಹುಡುಗ ಗೋಲು ಬಿಡಲಿಲ್ಲ. ಅವನಿಗೆ ಒಂದು ಶಹಬ್ಬಾಸ್ ಹೇಳಲೇಬೇಕು.

ರೀಪ್ಲೇ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಆಮೇಲೆ ಬರೆಯುತ್ತೇನೆ, ಊಟಕ್ಕೆ ಕರೆಯುತ್ತಿದ್ದಾರೆ.

ಪುತ್ತೂರಿನ ಕೋಳಿ · ರಾತ್ರಿ 9:31

ಖುಷಿ ಎಲ್ಲಿಂದ ಬರಬೇಕು ಮಾರಾಯ್ರೆ? ನನಗಂತೂ ಸಿಟ್ಟು ಬಂದಿದೆ. ಮ್ಯಾಡಿಸನ್, ಪೋರೊ, ಜಾನ್ಸನ್, ವೆರ್ನರ್ ಎಲ್ಲ ಇದ್ದು, ಕೆಲಸಕ್ಕೆ ಹೋಗಿ ಸಂಜೆ ಪ್ರಾಕ್ಟೀಸ್ ಮಾಡುವವರ ಎದುರು ಒಂದೂವರೆ ಗಂಟೆ ಒಂದು ಗೋಲು ಇಲ್ಲ. ಕೊನೆಗೆ ಬೆಂಚಿನಿಂದ ಸನ್ ಮತ್ತು ಕುಲುಸೆವ್ಸ್ಕಿಯನ್ನು ಎಬ್ಬಿಸಬೇಕಾಯಿತು. ಅವರಿಬ್ಬರಿಗೆ ಇವತ್ತು ಒಂದು ನಿಮಿಷವೂ ಆಡಿಸಬಾರದಿತ್ತು. ಬುಧವಾರ ಆರ್ಸೆನಲ್ ಮ್ಯಾಚ್ ಇದೆ!

2021ರ ಜನವರಿಯಲ್ಲಿ ಎಂಟನೇ ಹಂತದ ಮರೀನ್ ಎದುರು ಆಡಿದ್ದು ನೆನಪಿದೆಯಾ? ಆಗ 5-0. ವಿನಿಸಿಯಸ್ ಹ್ಯಾಟ್ರಿಕ್, 16 ವರ್ಷದ ಆಲ್ಫಿ ಡಿವೈನ್‌ಗೂ ಒಂದು ಗೋಲು. ಹಾಗೆ ಮುಗಿಸಬೇಕು ಇಂಥ ಮ್ಯಾಚನ್ನು.

ಮೈಸೂರಿನ ಅಮ್ಮ · ರಾತ್ರಿ 9:40

ನಾನು ಇಲ್ಲಿ ಸುಮ್ನೆ ಓದುವವಳು, ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ನಾಡಿದ್ದು ಸಂಕ್ರಾಂತಿ. ಕೊಬ್ಬರಿ ಹೆಚ್ಚುತ್ತಾ ಮ್ಯಾಚ್ ಹಾಕಿಕೊಂಡೆ. ಏಳು ವರ್ಷದ ಮಗಳು ಪಕ್ಕದಲ್ಲಿ ಕೂತು ಹುರಿಗಡಲೆ, ಕಡಲೆಬೀಜ ಬೇರೆ ಬೇರೆ ಮಾಡುತ್ತಿದ್ದಳು. ಅರ್ಧ ತಿಂದೇ ಮುಗಿಸಿದಳು, ಅದು ಬೇರೆ ಮಾತು. ಅವಳು ಪೂರ್ತಿ ನೋಡಿದ ಮೊದಲ ಮ್ಯಾಚ್ ಇದು. ನಾನು ಬಿಳಿ ಜೆರ್ಸಿಯವರು ನಮ್ಮವರು ಅಂತ ಹೇಳಿಕೊಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಆ ಕಡೆಯ ಗೋಲ್‌ಕೀಪರ್‌ನ ಪಕ್ಷ ಸೇರಿಬಿಟ್ಟಳು. "ಅಮ್ಮಾ, ಸಿಂಗ್ ಅಂಕಲ್ ಮತ್ತೆ ಹಿಡಿದರು!" ಅಂತ ಕೂಗು.

ಜಾಸ್ ಸಿಂಗ್ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ? ಇಂಗ್ಲೆಂಡಿನ ಪಂಜಾಬಿ ಕುಟುಂಬದವರು, ವಾರದ ದಿನ ಕಟ್ಟಡ ಸರ್ವೇ ಮಾಡುವ ಕೆಲಸ. ಪ್ರೀಮಿಯರ್ ಲೀಗ್‌ನವರ ಹೊಡೆತವನ್ನು 100 ನಿಮಿಷ ತಡೆದರು. ಕೊನೆಗೂ ಅವರನ್ನು ದಾಟಿದ ಮೊದಲ ಚೆಂಡು ಅವರದೇ ಟೀಮಿನವನಿಗೆ ತಾಗಿದ್ದು. ಮಗಳಿಗೆ ಅದು ಮೋಸ ಅನ್ನಿಸಿದೆ. ಸ್ವಂತ ಗೋಲು ಅಂದರೆ ಏನು ಅಂತ ಅರ್ಧ ಗಂಟೆ ವಿವರಿಸಿದೆ.

ಲಿಲಿವೈಟ್ ಬಸವನಗುಡಿ · ರಾತ್ರಿ 9:48

@ಮೈಸೂರಿನ ಅಮ್ಮ, ನಿಮ್ಮ ಮಾತು ನಿಜ ಅಕ್ಕ, ನಾನೇ ಮೊದಲು ಬರೆಯಬೇಕಿತ್ತು. ಇವತ್ತಿನ ಮ್ಯಾಚಿನ ಅತ್ಯುತ್ತಮ ಆಟಗಾರ ಅವರೇ. ಎರಡನೇ ಸುತ್ತಿನಲ್ಲಿ ಬರ್ಟನ್ ಆಲ್ಬಿಯನ್ ಎದುರು 1-1 ಆಗಿ ಪೆನಾಲ್ಟಿಗೆ ಹೋದಾಗಲೂ ಟೀಮನ್ನು ಉಳಿಸಿದ್ದು ಅವರ ಕೈಗಳು. ಅಲ್ಲಿ 4-3ರಿಂದ ಗೆದ್ದು ನಮ್ಮ ಹತ್ತಿರ ಬಂದಿದ್ದರು. ಹಡರ್ಸ್‌ಫೀಲ್ಡ್, ಬರ್ಟನ್, ಎರಡೂ ಮೂರನೇ ಹಂತದ ಕ್ಲಬ್‌ಗಳು. ಹಡರ್ಸ್‌ಫೀಲ್ಡ್ ಅಂದರೆ 1924ರಿಂದ 26ರವರೆಗೆ ಸತತ ಮೂರು ಸಲ ಇಂಗ್ಲೆಂಡಿನ ಚಾಂಪಿಯನ್ ಆದ ಕ್ಲಬ್. ಅಂಥವರನ್ನು ಸೋಲಿಸಿ ಬಂದವರನ್ನು @ಪುತ್ತೂರಿನ ಕೋಳಿ ಅಷ್ಟು ಹಗುರವಾಗಿ ಮಾತಾಡಬಾರದು.

ಪುತ್ತೂರಿನ ಕೋಳಿ · ರಾತ್ರಿ 9:55

ಅವರನ್ನು ಹಗುರ ಮಾಡಲಿಲ್ಲ ಅಣ್ಣಾ. ನಮ್ಮವರ ಮೇಲೆ ಸಿಟ್ಟು ಅಂದೆ. ಎರಡೂ ಬೇರೆ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ · ರಾತ್ರಿ 10:20

ನಾನು ಇವತ್ತು ಟ್ಯಾಮ್‌ವರ್ತ್‌ಗೆ ಹೋಗಿದ್ದೆ. ನಮ್ಮ ಮನೆಯಿಂದ ರೈಲಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಟಿಕೆಟ್ ಸಿಗುವುದಿಲ್ಲ ಅಂತ ಗೊತ್ತಿತ್ತು. ಆ 'ದಿ ಲ್ಯಾಂಬ್' ಮೈದಾನದಲ್ಲಿ ಸುಮಾರು 4,000 ಜನರಿಗೆ ಜಾಗ ಅಷ್ಟೆ. ಹೆಚ್ಚಿನವರು ನಿಂತೇ ನೋಡಬೇಕು. ಆದರೂ ಆ ಊರಿನಲ್ಲಿ ಇವತ್ತು ಇರಬೇಕು ಅನ್ನಿಸಿತು, ಪಬ್‌ನಲ್ಲಿ ಕೂತು ನೋಡಿದೆ.

ಊರೆಲ್ಲ ಜಾತ್ರೆ. ನಮ್ಮ ಕಡೆ ತೇರಿನ ದಿನ ನೆಂಟರೆಲ್ಲ ಬಂದು ಸೇರುತ್ತಾರಲ್ಲ, ಹಾಗೇ ಇತ್ತು. ನನ್ನ ಪಕ್ಕ ಕೂತಿದ್ದ ಅಜ್ಜ ಕೆಂಪು ಶಾಲು ಹೊದ್ದಿದ್ದರು. ಒಳಗೆ ಮೊಮ್ಮಗ ಇದ್ದಾನೆ, ಇದ್ದ ಒಂದು ಟಿಕೆಟ್ ಅವನಿಗೆ ಕೊಟ್ಟೆ ಅಂದರು. 90 ನಿಮಿಷ ಮುಗಿದು ಸೀಟಿ ಊದಿದಾಗ ಇಡೀ ಪಬ್ ಎದ್ದು ಚಪ್ಪಾಳೆ ತಟ್ಟಿತು. ಅಜ್ಜ ನನ್ನ ಕಡೆ ತಿರುಗಿ, ಹೋದ ವರ್ಷ ಆಗಿದ್ದರೆ ಈಗ ಲಂಡನ್‌ಗೆ ಬಸ್ ಬುಕ್ ಮಾಡುತ್ತಿದ್ದೆವು ಅಂದರು. ದೂರುವ ಧಾಟಿಯೂ ಇರಲಿಲ್ಲ. ನಾನು ಒಳಗೆ ಹಾಕಿಕೊಂಡಿದ್ದ ಸ್ಪರ್ಸ್ ಜೆರ್ಸಿ ಮೇಲೆ ಕೋಟಿನ ಜಿಪ್ ಇನ್ನಷ್ಟು ಎಳೆದುಕೊಂಡೆ.

ಹಾಗಾಗಿ @ಲಿಲಿವೈಟ್, ನಿಮಗೊಬ್ಬರಿಗೇ ಅಲ್ಲ.

ಹುಬ್ಬಳ್ಳಿ ಹೈಲೈನ್ · ರಾತ್ರಿ 10:41

ಊಟ ಆಯ್ತು. ಈಗ ನನ್ನ ವಾದ ಕೇಳಿ.

ನಮ್ಮ ಟೀಮಿನ ಸ್ಥಿತಿ ನೋಡಿ. ಗಾಯದಿಂದ ವಿಕಾರಿಯೊ ಇಲ್ಲ, ರೊಮೆರೊ ಇಲ್ಲ, ವ್ಯಾನ್ ಡೆ ವೆನ್ ಇಲ್ಲ, ಉಡೋಗಿ ಇಲ್ಲ. 18 ವರ್ಷದ ಆರ್ಚಿ ಗ್ರೇ ಮಿಡ್‌ಫೀಲ್ಡರ್. ಅವನನ್ನು ವಾರಗಟ್ಟಲೆ ಡಿಫೆನ್ಸ್ ಮಧ್ಯದಲ್ಲಿ ನಿಲ್ಲಿಸಿದ್ದಾರೆ. ಬುಧವಾರ ಆರ್ಸೆನಲ್. ಈ ತಿಂಗಳೇ ಯುರೋಪಾ ಲೀಗ್‌ನ ಎರಡು ಮ್ಯಾಚ್. ಯುರೋಪಿನ ಟೂರ್ನಿಗಳನ್ನು ದೊಡ್ಡದು ಮಾಡಿದ್ದಕ್ಕೆ ಜನವರಿಯಲ್ಲೂ ವಾರದ ಮಧ್ಯೆ ಜಾಗ ಇಲ್ಲ. ಲಿವರ್‌ಪೂಲ್ ಎದುರು ಲೀಗ್ ಕಪ್ ಸೆಮಿಫೈನಲ್‌ನ ಎರಡನೇ ಮ್ಯಾಚ್ ಬೇರೆ ಬಾಕಿ. ಇದರ ಮಧ್ಯೆ ಟ್ಯಾಮ್‌ವರ್ತ್ ರೀಪ್ಲೇ ಎಲ್ಲಿ ತುರುಕುತ್ತೀರಿ? ಇನ್ನೊಬ್ಬ ಹುಡುಗನ ಸ್ನಾಯು ಹರಿಯುತ್ತದೆ. ಆಗ ನೀವೇ ಬಂದು ಅಳುತ್ತೀರಿ.

ಆ ಕಡೆಯವರದ್ದೂ ಯೋಚಿಸಿ. ಅವರು ನೌಕರಿ ಮಾಡುವವರು. ವಾರದ ಮಧ್ಯೆ ಲಂಡನ್ ಅಂದರೆ ರಜೆ ಹಾಕಬೇಕು.

ಬರ್ಮಿಂಗ್‌ಹ್ಯಾಮ್ ಕನ್ನಡಿಗ · ರಾತ್ರಿ 10:50

ರಜೆ? ಆ ಒಂದು ರಾತ್ರಿಗೆ ಅವರು ಇಡೀ ವರ್ಷದ ರಜೆ ಕೊಟ್ಟುಬಿಡುತ್ತಿದ್ದರು ಸರ್.

ಕೆಂಪು ಫಿರಂಗಿ · ರಾತ್ರಿ 10:58

ಆರ್ಸೆನಲ್ ಅಭಿಮಾನಿ, ಒಳಗೆ ಬರಬಹುದಾ? ಜಗಳಕ್ಕೆ ಬಂದಿಲ್ಲ.

2017ರ ಫೆಬ್ರವರಿಯಲ್ಲಿ ನಾವೂ ಇಂಥದ್ದೇ ಕಡೆ ಹೋಗಿದ್ದೆವು. ಸಟನ್ ಯುನೈಟೆಡ್, ಅದೇ ಐದನೇ ಹಂತ, ಅದೇ ಪ್ಲಾಸ್ಟಿಕ್ ಹುಲ್ಲು. ಹಿಂದಿನ ಸುತ್ತಿನಲ್ಲಿ ಅವರು ಲೀಡ್ಸನ್ನು ಮನೆಗೆ ಕಳಿಸಿದ್ದರು. ನಾವು 2-0 ಗೆದ್ದೆವು. ಎರಡನೇ ಗೋಲು ವಾಲ್ಕಾಟ್‌ಗೆ ನಮ್ಮ ಕ್ಲಬ್ ಪರ ನೂರನೆಯದು. ಆಗಲೂ ಇಷ್ಟೇನಾ ಅಂತ ನಮ್ಮವರೇ ಬೈದರು. ಮೇ ತಿಂಗಳಲ್ಲಿ ಚೆಲ್ಸಿಯನ್ನು ಸೋಲಿಸಿ ಕಪ್ ಎತ್ತಿದೆವು. ಹಾಗಾಗಿ ಪುತ್ತೂರಿನವರೇ, ಸ್ವಲ್ಪ ಸಮಾಧಾನ. ಕಪ್ ಮ್ಯಾಚಿನಲ್ಲಿ ದಾಟಿದರೆ ಸಾಕು.

ಬುಧವಾರ ಸಿಗೋಣ.

ಗೌತಮಪುರ 10 · ರಾತ್ರಿ 11:15

ಕೆಲಸ ಮಾಡಿಕೊಂಡು ಫುಟ್‌ಬಾಲ್ ಆಡುವುದು ಅಂದರೆ ಏನೋ ವಿಚಿತ್ರ ಅನ್ನುವ ಹಾಗೆ ಇಲ್ಲಿ ಕೆಲವರು ಬರೆದಿದ್ದಾರೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದೇ ಹಾಗೆ. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಎಂಇಜಿ. ಎಲ್ಲ ಕೆಲಸದ ಜಾಗದ ಟೀಮುಗಳು. ನಮ್ಮಪ್ಪ ಫ್ಯಾಕ್ಟರಿ ಟೀಮಿಗೆ ಆಡುತ್ತಿದ್ದರು. ಬೆಳಿಗ್ಗೆ ಶಿಫ್ಟು, ಮಧ್ಯಾಹ್ನ ಮೈದಾನ. ಮೊಣಕಾಲು ಊದಿದ್ದರೂ ಮಾರನೇ ದಿನ ಕಾರ್ಡ್ ಪಂಚ್ ಮಾಡಲೇಬೇಕು. ಅಶೋಕನಗರದ ಸ್ಟೇಡಿಯಂನಲ್ಲಿ ಅಪ್ಪನ ಬೂಟು ಚೀಲ ಹಿಡಿದುಕೊಂಡು ಕೂತು ನೋಡಿದವನು ನಾನು. ಡಿಫೆಂಡರ್‌ಗಳು ಸುಸ್ತಾಗಿದ್ದು ಕಣ್ಣಿಗೆ ಕಾಣುತ್ತದೆ. ಕಾಲು ಎತ್ತುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ.

ಇವತ್ತು ಎಕ್ಸ್‌ಟ್ರಾ ಟೈಮಿನಲ್ಲಿ ಟ್ಯಾಮ್‌ವರ್ತ್ ಹುಡುಗರಲ್ಲಿ ಅದನ್ನೇ ಕಂಡೆ. 90 ನಿಮಿಷದವರೆಗೆ ಮನಸ್ಸು ಓಡಿಸಿತು. ಆಮೇಲೆ ಕಾಲು ಕೇಳಲಿಲ್ಲ. ದಿನಾ ಪ್ರಾಕ್ಟೀಸ್ ಮಾಡುವವರಿಗೂ ವಾರಕ್ಕೆ ಎರಡು ಸಂಜೆ ಮಾಡುವವರಿಗೂ ವ್ಯತ್ಯಾಸ ಕಾಣುವುದೇ ಆ 30 ನಿಮಿಷದಲ್ಲಿ. ಅದಕ್ಕೇ ಲಿಲಿವೈಟ್ ಹೇಳಿದ್ದು ಸರಿ. ರೀಪ್ಲೇ ಇದ್ದಾಗ ಚಿಕ್ಕ ಟೀಮಿಗೆ ಕಾಲು ಆರಿಸಿಕೊಳ್ಳಲು ಹತ್ತು ದಿನ ಸಿಗುತ್ತಿತ್ತು. ಈಗಿನ ನಿಯಮ ದೊಡ್ಡವರ ಬೆಂಚಿಗೇ ಅನುಕೂಲ. ದುಡ್ಡಿನ ಮಾತು ಬಿಡಿ, ಆಟದ ಲೆಕ್ಕದಲ್ಲೇ ಇದು ಸಮ ಅಲ್ಲ.

ಹುಬ್ಬಳ್ಳಿ ಹೈಲೈನ್ · ರಾತ್ರಿ 11:24

ಇದು ಹೊಸ ವಿಷಯ. ನಾನು ಹಾಗೆ ಯೋಚಿಸಿರಲಿಲ್ಲ ಸರ್. ದುಡ್ಡು ಬೇಕಿದ್ದರೆ ಬೇರೆ ದಾರಿಯಿಂದ ಕೊಡಲಿ ಅಂತ ಬರೆಯೋಣ ಅಂತಿದ್ದೆ. ಆದರೆ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಲಿಲಿವೈಟ್ ಬಸವನಗುಡಿ · ರಾತ್ರಿ 11:52

ಗೌತಮಪುರದವರು ಬರೆದದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. ಇನ್ನೊಂದು ವಿಷಯ ಹೇಳಿ ಮಲಗುತ್ತೇನೆ. ನಾನು ಸ್ಪರ್ಸ್ ಹಿಂದೆ ಬಿದ್ದದ್ದೇ ಈ ಕಥೆಯಿಂದ.

1901ರಲ್ಲಿ ನಾವು ಮೊದಲ ಎಫ್‌ಎ ಕಪ್ ಗೆದ್ದಾಗ ನಾವು ಫುಟ್‌ಬಾಲ್ ಲೀಗ್‌ನಲ್ಲೇ ಇರಲಿಲ್ಲ. ಸದರ್ನ್ ಲೀಗ್‌ನ ಟೀಮು. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಅದರ ಹೊರಗಿನ ಕ್ಲಬ್ ಒಂದು ಕಪ್ ಗೆದ್ದದ್ದು ಅದೊಂದೇ ಸಲ. ಇವತ್ತಿಗೂ ಅದೊಂದೇ. ಆ ವರ್ಷ ಎಷ್ಟು ರೀಪ್ಲೇ ಆಡಿದೆವು ಗೊತ್ತಾ? ಮೂರು. ಮೊದಲ ಸುತ್ತಿನಲ್ಲೇ ಪ್ರೆಸ್ಟನ್ ಎದುರು 1-1, ರೀಪ್ಲೇಯಲ್ಲಿ 4-2. ರೆಡಿಂಗ್ ಎದುರು 1-1, ರೀಪ್ಲೇಯಲ್ಲಿ 3-0. ಫೈನಲ್‌ನಲ್ಲಿ ಮೊದಲ ಡಿವಿಷನ್‌ನ ಶೆಫೀಲ್ಡ್ ಯುನೈಟೆಡ್. ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮುಂದೆ 2-2. ಒಂದು ವಾರ ಬಿಟ್ಟು ಬೋಲ್ಟನ್‌ನಲ್ಲಿ 3-1. ಸ್ಯಾಂಡಿ ಬ್ರೌನ್ ಪ್ರತಿ ಸುತ್ತಿನಲ್ಲೂ ಗೋಲು ಹೊಡೆದು ಒಟ್ಟು 15 ಮಾಡಿದ.

ಅಂದರೆ ಆವತ್ತಿನ ಟ್ಯಾಮ್‌ವರ್ತ್ ನಾವೇ. ಇನ್ನೂ ಕೇಳಿ. 1981ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರಿನ ಫೈನಲ್ ಮೊದಲ ದಿನ 1-1. ರಿಕಿ ವಿಯಾ ಅಷ್ಟು ಜನರನ್ನು ದಾಟಿ ಹೊಡೆದ ಗೋಲು ಬಂದದ್ದು ರೀಪ್ಲೇಯಲ್ಲಿ. 1982ರ ಫೈನಲ್ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು, ಅದೂ ರೀಪ್ಲೇಯಲ್ಲೇ ಮುಗಿದದ್ದು. ನಮ್ಮ ಎಂಟು ಎಫ್‌ಎ ಕಪ್‌ಗಳಲ್ಲಿ ಮೂರು ಎರಡನೇ ದಿನ ಗೆದ್ದವು. ಬೇರೆ ಯಾವ ಕ್ಲಬ್ ಸುಮ್ಮನಿದ್ದರೂ ನಮ್ಮ ಕ್ಲಬ್ ಈ ವಿಷಯದಲ್ಲಿ ದನಿ ಎತ್ತಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೈಸೂರಿನ ಅಮ್ಮ · 13 ಜನವರಿ, ಬೆಳಿಗ್ಗೆ 7:05

1901ರ ಕಥೆಯನ್ನು ಶಾಲೆಗೆ ಜಡೆ ಹಾಕುವಾಗ ಮಗಳಿಗೆ ಹೇಳಿದೆ. "ಹಾಗಾದರೆ ನಮ್ಮವರಿಗೂ ಆಗ ಸಿಂಗ್ ಅಂಕಲ್ ಥರ ಇದ್ದರಾ?" ಅಂತ ಕೇಳಿದಳು. ಹೂಂ ಅಂದೆ. ಈಗ ಎರಡೂ ಟೀಮು ಅವಳದ್ದಂತೆ.

ಪುತ್ತೂರಿನ ಕೋಳಿ · 13 ಜನವರಿ, ಬೆಳಿಗ್ಗೆ 8:30

ನಿನ್ನೆ ಸಿಟ್ಟಿನಲ್ಲಿ ಬರೆದೆ. ಬೆಳಿಗ್ಗೆ ಹೈಲೈಟ್ಸ್ ಮತ್ತೆ ನೋಡಿದೆ. ನಮ್ಮವರು ಆಡಲೇ ಇಲ್ಲ ಅನ್ನುವುದು ತಪ್ಪು. ಹೊಡೆದಿದ್ದಾರೆ, ಸಿಂಗ್ ಹಿಡಿದಿದ್ದಾರೆ. ಮಧ್ಯದಲ್ಲಿ ಎಂಟು ಜನ ಗೋಡೆ ಕಟ್ಟಿ ನಿಂತಿದ್ದರು. ಆ ಪ್ಲಾಸ್ಟಿಕ್ ಹುಲ್ಲಿನಲ್ಲಿ ಚೆಂಡು ಪುಟಿಯುವ ರೀತಿಯೇ ಬೇರೆ. ಇಂಗ್ಲೆಂಡಿನ ಮೇಲಿನ ನಾಲ್ಕು ಹಂತದಲ್ಲಿ ಆ ಹುಲ್ಲಿಗೆ ಅನುಮತಿಯೇ ಇಲ್ಲ. ಹಾಗಾಗಿ ನಮ್ಮವರಿಗೆ ಅಭ್ಯಾಸ ಇಲ್ಲ. ಅದನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ.

2018ರ ನ್ಯೂಪೋರ್ಟ್ ಕೌಂಟಿ ಮ್ಯಾಚೂ ನೆನಪಾಯಿತು. ನಾಲ್ಕನೇ ಹಂತದವರು. ಕೊನೆಯಲ್ಲಿ ಹ್ಯಾರಿ ಕೇನ್ ಹೊಡೆದ ಗೋಲಿನಿಂದ 1-1 ಮಾಡಿಕೊಂಡು ಬಚಾವಾದೆವು. ರೀಪ್ಲೇ ವೆಂಬ್ಲಿಯಲ್ಲಿ, 2-0. ಆವತ್ತು ನ್ಯೂಪೋರ್ಟ್‌ನಿಂದ ಸಾವಿರಾರು ಜನ ವೆಂಬ್ಲಿಗೆ ಬಂದು ಹಾಡಿದ್ದನ್ನು ಟಿವಿಯಲ್ಲಿ ಕೇಳಿದ್ದೆ. ಅದನ್ನು ಟ್ಯಾಮ್‌ವರ್ತ್‌ನವರಿಂದ ಕಿತ್ತುಕೊಂಡ ಹಾಗಾಯಿತು. ಲಿಲಿವೈಟ್ ಅಣ್ಣಾ, ನಾನು ನಿಮ್ಮ ಕಡೆ.

ಹುಬ್ಬಳ್ಳಿ ಹೈಲೈನ್ · 10 ಫೆಬ್ರವರಿ, ಬೆಳಿಗ್ಗೆ 7:40

ಈ ಚರ್ಚೆಯನ್ನು ಮೇಲೆ ತರುತ್ತಿದ್ದೇನೆ. ಗುರುವಾರ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಎದುರು 4-0 ಸೋಲು, ಲೀಗ್ ಕಪ್ ಹೋಯಿತು. ನಿನ್ನೆ ಆಸ್ಟನ್ ವಿಲ್ಲಾ ಎದುರು 2-1 ಸೋಲು, ಎಫ್‌ಎ ಕಪ್ಪೂ ಹೋಯಿತು. ನಾಲ್ಕು ದಿನದಲ್ಲಿ ಎರಡು. ನಿನ್ನೆಯೇ ಎರಡನೇ ಹಂತದ ಪ್ಲಿಮತ್ ಲಿವರ್‌ಪೂಲನ್ನು 1-0 ಸೋಲಿಸಿದ್ದು ನೋಡಿ ಮನಸ್ಸು ತಡೆಯದೆ ಚಪ್ಪಾಳೆ ಹೊಡೆದೆ. ಈ ಕಪ್ ಇರುವುದೇ ಅದಕ್ಕೆ.

ಗೌತಮಪುರ 10 · 24 ಏಪ್ರಿಲ್, ಬೆಳಿಗ್ಗೆ 6:50

ನಿನ್ನೆ ರಾತ್ರಿ ನಮಗೂ ಆಯಿತು. ಭುವನೇಶ್ವರದಲ್ಲಿ ಸೂಪರ್ ಕಪ್, ನಮ್ಮ ಬೆಂಗಳೂರು ಎಫ್‌ಸಿ ಎದುರಿಗೆ ಐ-ಲೀಗ್‌ನ ಇಂಟರ್ ಕಾಶಿ. ಒಂದು ಹಂತ ಕೆಳಗಿನ ಟೀಮು. 1-1 ಆಗಿ ಸೀದಾ ಪೆನಾಲ್ಟಿ, 5-3ರಿಂದ ಸೋತೆವು. ಇದೇ ತಿಂಗಳು ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮಿನಲ್ಲಿ ಮೋಹನ್ ಬಗಾನ್‌ಗೆ ಸೋತ ಗಾಯವೇ ಆರಿಲ್ಲ. ಟ್ಯಾಮ್‌ವರ್ತ್ ದಿನ ನಾವು ದಾಟಿದ ಗೆರೆ ಎಷ್ಟು ಸಣ್ಣದಿತ್ತು ಅಂತ ನಿನ್ನೆ ಅರ್ಥ ಆಯಿತು. ಕಾಶಿ ಹುಡುಗರು ಚೆನ್ನಾಗಿ ಆಡಿದರು. ಅದನ್ನೂ ಹೇಳಬೇಕು.

ಪುತ್ತೂರಿನ ಕೋಳಿ · 22 ಮೇ, ಬೆಳಗಿನ ಜಾವ 2:50

ಬಿಲ್ಬಾವೊ! ಯುರೋಪಾ ಲೀಗ್ ನಮ್ಮದು! ಮ್ಯಾಂಚೆಸ್ಟರ್ ಯುನೈಟೆಡ್ ಎದುರು 1-0, ಬ್ರೆನನ್ ಜಾನ್ಸನ್! 2008ರ ಲೀಗ್ ಕಪ್ ಆದಮೇಲೆ ಮೊದಲ ಕಪ್! ಲೀಗ್‌ನಲ್ಲಿ 17ನೇ ಸ್ಥಾನದಲ್ಲಿದ್ದೇವೆ, ಇರಲಿ. ಮನೆಯವರೆಲ್ಲ ಎದ್ದಿದ್ದಾರೆ, ಅಪ್ಪ ಏನಾಯಿತೋ ಅಂತ ಟಾರ್ಚ್ ಹಿಡಿದು ಬಂದರು. ಅಳು ನಿಲ್ಲುತ್ತಿಲ್ಲ ಮಾರಾಯ್ರೆ.

ಲಿಲಿವೈಟ್ ಬಸವನಗುಡಿ · 22 ಮೇ, ಬೆಳಗಿನ ಜಾವ 3:05

ಜನವರಿಯಲ್ಲಿ ಟ್ಯಾಮ್‌ವರ್ತ್‌ನಲ್ಲಿ 118ನೇ ನಿಮಿಷಕ್ಕೆ ಗೋಲು ಹೊಡೆದದ್ದೂ ಅವನೇ. ಆವತ್ತು ಅವನ ಆಟಕ್ಕೆ ನಾನು ಒಂದು ಒಳ್ಳೆ ಮಾತೂ ಬರೆದಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಬ್ರೆನನ್.

ಮೈಸೂರಿನ ಅಮ್ಮ · 22 ಮೇ, ಬೆಳಿಗ್ಗೆ 8:15

ಎಲ್ಲರಿಗೂ ಅಭಿನಂದನೆ! ನಾನು ಎದ್ದು ನೋಡಿದೆ, ಮಗಳನ್ನು ಎಬ್ಬಿಸಲಿಲ್ಲ. ಬೆಳಿಗ್ಗೆ ಬೈಸಿಕೊಂಡೆ.

ಒಂದು ಸಹಾಯ ಬೇಕು. ಸಂಕ್ರಾಂತಿಯಿಂದ ಗೋಲ್‌ಕೀಪರ್ ಗ್ಲೌಸ್ ಬೇಕು ಅಂತ ಕೇಳುತ್ತಲೇ ಇದ್ದಾಳೆ. ಏಳು ವರ್ಷದವರಿಗೆ ಯಾವ ಸೈಜು ತಗೋಬೇಕು? ಚೆಂಡು ಯಾವುದು?

ಗೌತಮಪುರ 10 · 22 ಮೇ, ಬೆಳಿಗ್ಗೆ 8:40

ಚೆಂಡು 3ನೇ ನಂಬರ್ ತಗೊಳ್ಳಿ ಅಮ್ಮ, 5 ಬೇಡ, ಕೈಗೆ ಭಾರ ಆಗುತ್ತದೆ. ಗ್ಲೌಸ್ ಸೈಜು 4 ಹಾಕಿ ನೋಡಿ. ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಉಳಿಯಬೇಕು, ಬಿಗಿಯಾಗಬಾರದು. ಹೊಸ ಗ್ಲೌಸನ್ನು ಮೊದಲ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ಚೆಂಡು ಕೈಗೆ ಚೆನ್ನಾಗಿ ಕೂರುತ್ತದೆ.